ಅಮ್ಮನ ಹೆಬ್ಬೆರಳಿನ ಅಳತೆ

ಆಫೀಸಿನ ಗೆಳೆಯನೊಬ್ಬ ಕೈಯಲ್ಲಿ ಹಿಡಿದು ಆಡುವ ವಿಡಿಯೋ ಗೇಮ್ ಒಂದನ್ನು ತಾನೇ ತಯಾರಿಸುತ್ತಿದ್ದಾನೆ. ಮಾರುವುದಕ್ಕಲ್ಲ, ಹವ್ಯಾಸಕ್ಕೆ. ನಾವೆಲ್ಲ ಚಿಕ್ಕವರಿದ್ದಾಗ ಆಡಿದ ಆಟಗಳು ಅದರಲ್ಲಿ ಓಡಬೇಕು ಅನ್ನುವುದು ಅವನ ಆಸೆ. "ಹಾರ್ಡ್‌ವೇರಲ್ಲಿ ಏನೇನು ಇರಬೇಕು, ಒಂದು ಪಟ್ಟಿ ಮಾಡಿ ಕೊಡೋ" ಅಂದ. ಒಂದೇ ರಾತ್ರಿಯಲ್ಲಿ ಮಾಡಿಕೊಟ್ಟೆ. ಎರಡು ಜಾಯ್‌ಸ್ಟಿಕ್, ವೈಫೈ, ಬ್ಲೂಟೂತ್, ಟಿವಿಗೆ ಜೋಡಿಸಲು ಎಚ್‌ಡಿಎಂಐ, ಮೂರೂವರೆ ಇಂಚಿನ 640×480 ಪರದೆ. ಪರದೆಯ ಬಗ್ಗೆ ನನಗೆ ವಿಶೇಷ ಹೆಮ್ಮೆಯಿತ್ತು. ಹಳೇ ಎಂಟು ಬಿಟ್ ನಿಂಟೆಂಡೊ ಚಿತ್ರದಲ್ಲಿ 240 ಗೆರೆಗಳು, ಸರಿಯಾಗಿ ಎರಡು ಪಟ್ಟು ಮಾಡಿದರೆ 480. ಮಾರಿಯೋನ ಮೀಸೆಯ ಒಂದು ಚೌಕವೂ ಸೊಟ್ಟಗಾಗುವುದಿಲ್ಲ.

ಜುಲೈನಲ್ಲಿ ನಾಲ್ಕು ದಿನ ರಜೆ ಹಾಕಿ ಶೆಟ್ಟಿಕೊಪ್ಪಕ್ಕೆ ಹೋದೆ. ನನ್ನ ಪಟ್ಟಿಯಲ್ಲಿದ್ದದ್ದೆಲ್ಲ ಇರುವ ಗೇಮ್ ಒಂದನ್ನು ಆನ್‌ಲೈನಲ್ಲಿ ತರಿಸಿ ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೆ. ಅಮ್ಮನಿಗೆ ಕೊಡೋಣ ಅಂತ.

ಅಮ್ಮನಿಗೆ ವಿಡಿಯೋ ಗೇಮಾ ಅಂತ ನೀವು ಕೇಳಬಹುದು. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಬಾಳೆಹೊನ್ನೂರು ಜಾತ್ರೆಯಲ್ಲಿ ಅಪ್ಪ ನನಗೊಂದು ಬ್ರಿಕ್ ಗೇಮ್ ಕೊಡಿಸಿದ್ದರು. ಡಬ್ಬದ ಮೇಲೆ 9999 ಆಟ ಅಂತ ಬರೆದಿತ್ತು, ಎಣಿಸಿದರೆ ಇಪ್ಪತ್ತೂ ಇರಲಿಲ್ಲ. ಅದರಲ್ಲಿ ಮುಖ್ಯವಾದದ್ದು ಇಟ್ಟಿಗೆ ಬೀಳುವ ಆಟ. ಅಗಲಕ್ಕೆ ಹತ್ತು ಚೌಕ, ಎತ್ತರಕ್ಕೆ ಇಪ್ಪತ್ತು, ಸಾಲು ತುಂಬಿದರೆ ಮಾಯ. ಮೂಲ ಟೆಟ್ರಿಸನ್ನು 1984ರಲ್ಲಿ ಮಾಸ್ಕೋದಲ್ಲಿ ಅಲೆಕ್ಸಿ ಪಾಜಿಟ್ನೋವ್ ಬರೆದಾಗ ಅವರ ಕಂಪ್ಯೂಟರಿಗೆ ಚಿತ್ರ ಬಿಡಿಸಲು ಬರುತ್ತಲೇ ಇರಲಿಲ್ಲ. ಆವರಣ ಚಿಹ್ನೆಗಳನ್ನೇ ಜೋಡಿಸಿ ಇಟ್ಟಿಗೆ ಮಾಡಿಕೊಂಡಿದ್ದರಂತೆ. ಅಷ್ಟು ಬಡ ಆಟವಾದ್ದರಿಂದಲೇ ಅದು ಎರಡು ಸೆಲ್ಲಿನ ಜಾತ್ರೆ ಸಾಮಾನಿನೊಳಗೂ ಹಿಡಿಯಿತು.

"ಕಣ್ಣು ಹಾಳಾಗ್ತದೆ" ಅಂತ ನನ್ನಿಂದ ಕಿತ್ತುಕೊಳ್ಳುತ್ತಿದ್ದ ಅಮ್ಮ, ಕಿತ್ತುಕೊಂಡದ್ದನ್ನು ತಾನೇ ಆಡಲು ಶುರು ಮಾಡಿದ್ದು ಯಾವಾಗ ಅಂತ ನನಗೆ ಗೊತ್ತಾಗಲೇ ಇಲ್ಲ. ಜಡಿಮಳೆ ಹಿಡಿದರೆ ನಮ್ಮಲ್ಲಿ ಕರೆಂಟು ಎರಡು ಮೂರು ದಿನ ಮುಖ ತೋರಿಸುವುದಿಲ್ಲ. ಅಡುಗೆ ಮುಗಿಸಿ, ಒಲೆ ಮುಂದೆ ಕೂತು, ಪರದೆಯನ್ನು ಚಿಮಣಿ ದೀಪಕ್ಕೆ ಓರೆಯಾಗಿ ಹಿಡಿದು ಆಡುತ್ತಿದ್ದಳು. ಸೆಲ್ ಬದಲಿಸಿದರೆ ಹಳೇ ಸ್ಕೋರೆಲ್ಲ ಅಳಿಸಿ ಹೋಗುತ್ತಿತ್ತು. ಅದಕ್ಕೆ ತನ್ನ ದಾಖಲೆಯನ್ನು ಗೋಡೆ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲೇ, ಬರೆದಿಡುತ್ತಿದ್ದಳು.

ಅಪ್ಪ ಹೋಗಿ ಆರು ವರ್ಷವಾಯಿತು. ಮನೆಯಲ್ಲಿ ಅಮ್ಮ ಒಬ್ಬಳೇ. ಬೆಂಗಳೂರಿಗೆ ಬಾ ಅಂದರೆ ದನ, ತೋಟ ಅನ್ನುತ್ತಾಳೆ. ಹಿಂದಿನ ಮಳೆಗಾಲದಲ್ಲಿ ಬ್ರಿಕ್ ಗೇಮ್ ಪೂರ್ತಿ ನಿಂತುಹೋಯಿತು. ಅದಕ್ಕೂ ಮೊದಲು ಪರದೆಯ ಬಲಗಡೆಯ ಎರಡು ಸಾಲು ಕಾಣುತ್ತಲೇ ಇರಲಿಲ್ಲವಂತೆ. "ಅಂದಾಜಿನ ಮೇಲೆ ಆಡ್ತಿದ್ದೆ" ಅಂದಳು. ಮೊಬೈಲಿಗೆ ಅದೇ ಆಟ ಹಾಕಿಕೊಟ್ಟಿದ್ದೆ. ಎರಡಾಟಕ್ಕೊಂದು ಜಾಹೀರಾತು. ಅಲ್ಲದೆ ಕರೆಂಟಿಲ್ಲದ ದಿನ ಮೊಬೈಲ್ ಚಾರ್ಜು ನನಗೆ ಫೋನ್ ಮಾಡುವುದಕ್ಕೆ ಬೇಕಲ್ಲ. ಒಂದು ಸಲ ಮಾತಿನ ನಡುವೆ "ರಾತ್ರಿ ಉದ್ದ ಆಗ್ತದೆ ಮಾರಾಯ" ಅಂದಳು. ನಮ್ಮಮ್ಮ ಇದಕ್ಕಿಂತ ಹೆಚ್ಚು ಹೇಳುವವಳಲ್ಲ.

ಹೊಸ ಗೇಮ್ ಕೈಗೆ ಕೊಟ್ಟೆ. ಸ್ವಿಚ್ ಒತ್ತಿದ ಮೇಲೆ ಕಪ್ಪು ಪರದೆಯಲ್ಲಿ ಇಂಗ್ಲಿಷ್ ಅಕ್ಷರಗಳು ಓಡಿದವು. ಅರ್ಧ ನಿಮಿಷ. "ಕೆಟ್ಟುಹೋಯ್ತಾ?" ಅಂದಳು. ಒಳಗೆ ಲಿನಕ್ಸ್ ಏಳುತ್ತಿದೆ ಅಂತ ಹೇಗೆ ಹೇಳುವುದು? ಜಗಲಿಯ ಬೆಳಕಿನಲ್ಲಿ ನನ್ನ ಹೆಮ್ಮೆಯ ಪರದೆ ಅಮ್ಮನ ಮುಖವನ್ನೇ ತೋರಿಸಿತು. ಹಿಂಬದಿಯ ಗುಂಡಿಗಳಿಗೆ ಬೆರಳು ತಾಗಿ ಯಾವುದೋ ಮೆನು ತೆರೆದುಕೊಂಡಿತು.

ಇವೆಲ್ಲ ಸಣ್ಣವು. ಅಮ್ಮನ ಹೆಬ್ಬೆರಳನ್ನು ನಾನು ಸರಿಯಾಗಿ ನೋಡಿದ್ದು ಆಗಲೇ. ನಲವತ್ತು ವರ್ಷ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿದ ಬೆರಳದು. ಬುಡದ ಗಂಟು ಊದಿದೆ, ಪೂರ್ತಿ ಮಡಚುವುದಿಲ್ಲ. ಹೆಬ್ಬೆರಳು ತಾನಾಗಿ ಬೀಳುವ ಜಾಗದಲ್ಲಿ ಜಾಯ್‌ಸ್ಟಿಕ್ ಕೂತಿತ್ತು. ಅವಳಿಗೆ ಬೇಕಾದ ಪ್ಲಸ್ ಆಕಾರದ ಗುಂಡಿ ಅದರ ಕೆಳಗೆ. ಅಲ್ಲಿಗೆ ತಲುಪಲು ಬೆರಳು ಮಡಚಬೇಕು. ಹತ್ತು ನಿಮಿಷ ಆಡಿದಳು, ಕೈ ಕೊಡವಿದಳು, ಮತ್ತೆ ಆಡಿದಳು. ಮಾರನೇ ದಿನ ಕರೆಂಟು ಹೋಯಿತು, ಸಂಜೆಗೆ ಬ್ಯಾಟರಿಯೂ ಹೋಯಿತು. "ಚೆನ್ನಾಗಿದೆ. ನೀನೇ ಇಟ್ಕೊ" ಅಂತ ಡಬ್ಬದೊಳಗೆ ಹಾಕಿ ವಾಪಸ್ ಕೊಟ್ಟಳು.

ಆ ರಾತ್ರಿ ಟಾರ್ಚ್ ಬೆಳಕಿನಲ್ಲಿ ಹಳೇ ಬ್ರಿಕ್ ಗೇಮ್ ಬಿಚ್ಚಿದೆ. ನಾಲ್ಕು ಸ್ಕ್ರೂ, ಅಂಟು ಗಿಂಟು ಏನಿಲ್ಲ. ಸೆಲ್ ಸೋರಿ ಸ್ಪ್ರಿಂಗಿಗೆ ಹಸಿರು ಕಿಲುಬು. ಗುಂಡಿಯಡಿಯ ರಬ್ಬರಿಗೆ ಬೂಷ್ಟು. ರಬ್ಬರಿನ ತುದಿಯ ಕಪ್ಪು ಬೊಟ್ಟು ಕೆಳಗಿನ ಗೆರೆಗಳಿಗೆ ತಾಗಿದರೆ ಗುಂಡಿ ಒತ್ತಿದ ಹಾಗೆ, ಅಷ್ಟೇ ಅದರ ತಂತ್ರ. ಮಲೆನಾಡಿನ ತೇವ ಆ ಗೆರೆಗಳನ್ನೇ ತಿಂದುಹಾಕಿತ್ತು.

1989ರಲ್ಲಿ ಗೇಮ್ ಬಾಯ್ ಬಂದಾಗ ಅದಕ್ಕೆ ಬಣ್ಣವಿರಲಿಲ್ಲ, ಪರದೆಗೆ ದೀಪವಿರಲಿಲ್ಲ. ಮರುವರ್ಷ ಬಂದ ಸೆಗಾದ ಗೇಮ್ ಗಿಯರ್‌ಗೆ ಎರಡೂ ಇದ್ದವು, ಆದರೆ ಅದು ಆರು ಸೆಲ್ಲನ್ನು ಕೆಲವೇ ಗಂಟೆಯಲ್ಲಿ ಕುಡಿದುಬಿಡುತ್ತಿತ್ತು. ನಾಲ್ಕು ಸೆಲ್ಲಿನ ಗೇಮ್ ಬಾಯ್ ಅದಕ್ಕಿಂತ ಎಷ್ಟೋ ಹೆಚ್ಚು ಹೊತ್ತು ಓಡುತ್ತಿತ್ತು. ಗೆದ್ದದ್ದೂ ಅದೇ. ಅದರ ಹಿಂದಿದ್ದ ಗುನ್ಪೆ ಯೊಕೊಯಿ ಅವರದು ಒಂದೇ ಹಟ: ಹಳೆಯದಾಗಿ ಅಗ್ಗವಾದ, ನಂಬಬಹುದಾದ ಭಾಗಗಳನ್ನೇ ಹೊಸ ರೀತಿಯಲ್ಲಿ ಬಳಸಬೇಕು. ಪ್ಲಸ್ ಗುಂಡಿಯೂ 1982ರಲ್ಲಿ ಅವರು ಮಾಡಿದ್ದೇ. ಇದೆಲ್ಲ ಕಾಲೇಜಿನಲ್ಲೇ ಓದಿದ್ದೆ. ಪಟ್ಟಿ ಬರೆಯುವಾಗ ಮಾತ್ರ ನೆನಪಾಗಲಿಲ್ಲ.

ಹಾಗಂತ ಹಳೆಯದೆಲ್ಲ ಚೆಂದ ಅಂತ ನಾನು ಹೇಳುವುದಿಲ್ಲ. ಅಮ್ಮನೇ ಹೇಳುವುದಿಲ್ಲ. "ಒಂದು ಲೈಟಿರ್ಬೇಕಿತ್ತು, ಸ್ಕೋರ್ ಅಳಿಸ್ಬಾರ್ದಿತ್ತು" ಅನ್ನುತ್ತಾಳೆ. 2022ರಲ್ಲಿ ಬಂದ ಪ್ಲೇಡೇಟ್ ಅನ್ನುವ ಪುಟ್ಟ ಹಳದಿ ಗೇಮಿನ ಪರದೆ ಬಿಸಿಲಲ್ಲೂ ಸ್ಪಷ್ಟ ಕಾಣುತ್ತದೆ, ಕಪ್ಪು ಬಿಳುಪು, ಆದರೆ ದೀಪವಿಲ್ಲ. ಅದಕ್ಕೊಂದು ತಿರುಗಿಸುವ ಹಿಡಿಕೆಯೂ ಇದೆ. ಚಿತ್ರ ತೋರಿಸಿದೆ. "ತಿರುಗಿಸಿದ್ರೆ ಚಾರ್ಜ್ ಆಗ್ತದಾ?" ಅಂತ ಅಮ್ಮನ ಮೊದಲ ಪ್ರಶ್ನೆ. ಇಲ್ಲ, ಅದು ಆಡುವುದಕ್ಕೆ ಮಾತ್ರ. "ಮತ್ತೆಂಥಕ್ಕೆ?" ಅಂದಳು. 2020ರಲ್ಲಿ ಅಮೆರಿಕ ಮತ್ತು ನೆದರ್‌ಲ್ಯಾಂಡ್ಸ್‌ನ ಸಂಶೋಧಕರು ಬ್ಯಾಟರಿಯೇ ಇಲ್ಲದ ಗೇಮ್ ಬಾಯ್ ಮಾಡಿ ತೋರಿಸಿದ್ದಾರೆ. ಬಿಸಿಲಿನಿಂದ, ಗುಂಡಿ ಒತ್ತುವ ಬಲದಿಂದಲೇ ಅದಕ್ಕೆ ಕರೆಂಟು. ಕರೆಂಟು ಕಡಿಮೆಯಾಗಿ ಆಗಾಗ ಆರಿಹೋಗುತ್ತದೆ, ಮತ್ತೆ ಹೊತ್ತಿಕೊಂಡಾಗ ಆಟ ಬಿಟ್ಟ ಜಾಗದಿಂದಲೇ ಮುಂದುವರಿಯುತ್ತದೆ. ನಮ್ಮ ಜುಲೈ ಬಿಸಿಲಿಗೆ ಆ ಯಂತ್ರ ಏಳುವುದಿಲ್ಲ ಬಿಡಿ. ಆದರೆ ಬಿಟ್ಟ ಜಾಗದಿಂದ ಶುರುವಾಗುವ ಗುಣ ನನಗೆ ಬೇಕೇ ಬೇಕು.

ಬೆಳಿಗ್ಗೆ ಸಿಗ್ನಲ್ ಸಿಕ್ಕ ಕೂಡಲೇ ಗೆಳೆಯನಿಗೆ ಫೋನ್ ಮಾಡಿದೆ. ಟಾರ್ಚಿಗೆ ಹಾಕುವ ಎರಡು ಸೆಲ್ಲಿನಲ್ಲಿ ಓಡಬೇಕು, ಅಂಗಡಿಯಲ್ಲಿ ಸಿಗುವಂಥದ್ದು, ಅಂದೆ. ಅವನು ನಕ್ಕ. "ಲಿನಕ್ಸ್ ಓಡಿಸೋ ಚಿಪ್ಪಿಗೆ ಎರಡು ಸೆಲ್ ಎಲ್ಲಿಗೆ ಸಾಕು?" ಲಿನಕ್ಸ್ ಬೇಡ, ಸಣ್ಣ ಮೈಕ್ರೋಕಂಟ್ರೋಲರ್ ಸಾಕು, ಸ್ವಿಚ್ ಒತ್ತಿದ ಕೂಡಲೇ ಶುರುವಾಗುತ್ತದೆ. "ಪ್ಲೇಸ್ಟೇಷನ್ ಆಟ ಓಡಲ್ಲ." ಬೇಡ. "ಜಾಯ್‌ಸ್ಟಿಕ್?" ಬೇಡ. ವೈಫೈ ಬೇಡ. ಬಿಸಿಲಲ್ಲಿ ಕಾಣುವ ಪರದೆ, ಪಕ್ಕದಲ್ಲಿ ಬೇಕಾದಾಗ ಹೊತ್ತಿಸಲು ಒಂದು ಸಣ್ಣ ದೀಪ. ಗುಂಡಿಯಡಿಯ ಗೆರೆಗಳಿಗೆ ಚಿನ್ನದ ಲೇಪ, ಕಿಲುಬು ಹಿಡಿಯಬಾರದು. ಸೆಲ್ ತೆಗೆದರೂ ಸ್ಕೋರ್ ಉಳಿಯಬೇಕು. "ಸೆಲ್ ಹಾಕಿದ್ರೆ ದಪ್ಪ ಆಗತ್ತಲ್ಲೋ" ಅಂದ. ಆಗಲಿ. ಅಮ್ಮನ ಟಾರ್ಚೂ ದಪ್ಪವೇ.

ಸ್ವಲ್ಪ ಹೊತ್ತು ಸುಮ್ಮನಿದ್ದು, "ಗುಂಡಿ ಎಲ್ಲಿಡಲಿ?" ಅಂದ.

ಹಳೇ ರಟ್ಟಿನ ಪೆಟ್ಟಿಗೆಯಿಂದ ಅವನ ಡಿಸೈನಿನ ಅಳತೆಗೆ ಒಂದು ತುಂಡು ಕತ್ತರಿಸಿ ಅಮ್ಮನ ಕೈಗೆ ಕೊಟ್ಟೆ. "ಆರಾಮಾಗಿ ಹಿಡ್ಕೊ, ಆಡೋ ಹಾಗೆ." ಎರಡೂ ಹೆಬ್ಬೆರಳು ಬಿದ್ದ ಕಡೆ ಪೆನ್ಸಿಲಿನಲ್ಲಿ ಸುತ್ತು ಹಾಕಿದೆ. ಎಡಗಡೆಯದು ಡಿಸೈನಿನಲ್ಲಿ ಇದ್ದದ್ದಕ್ಕಿಂತ ಎರಡು ಸೆಂಟಿಮೀಟರ್ ಮೇಲೆ, ಅಂಚಿಗೆ ಹತ್ತಿರ. ಬಲಗಡೆ ಬೆರಳಿನ ತುದಿ ತಾಗಲೇ ಇಲ್ಲ, ಬದಿಯೇ ತಾಗಿದ್ದು. ಹಾಗಾಗಿ ಅಲ್ಲಿ ಒಂದು ರೂಪಾಯಿ ನಾಣ್ಯದಷ್ಟು ದೊಡ್ಡ ಗುಂಡಿ ಬೇಕು. ಫೋಟೋ ತೆಗೆದು ಕಳಿಸಿದೆ. ಅಮ್ಮ ರಟ್ಟನ್ನು ತಿರುಗಿಸಿ ನೋಡಿ, "ಇದರ ಹಿಂದೆ ಸ್ಕೋರ್ ಬರ್ಕೊಳ್ಳಕ್ಕೆ ಜಾಗ ಇರ್ಲಿ. ಮಿಷನ್ನನ್ನ ನಂಬಕ್ಕಾಗಲ್ಲ" ಅಂದಳು.