ಹಳೆಯ ವಿಮಾನ, ಹೊಸ ಅರಿವೆ

ಹಳೆಯದನ್ನು ಬಿಸುಡದೆ ಬಾಳಿಸುವದು ಗೃಹಿಣಿಯ ಜಾಣತನವೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ನಮ್ಮ ತಿರ್ಲಾಪುರದಲ್ಲಿ ಕೌದಿಯಿಲ್ಲದ ಮನೆ ಇರಲಿಕ್ಕಿಲ್ಲ. ಹರಿದ ಸೀರೆ, ಮಾಸಿದ ಧೋತರ, ಮಕ್ಕಳಿಗೆ ಗಿಡ್ಡವಾದ ಅಂಗಿ ಇವೆಲ್ಲ ತುಂಡುತುಂಡಾಗಿ ಕೂಡಿ, ಮೇಲೆ ಸಾಲು ಹೊಲಿಗೆ ಬಿದ್ದು, ಮತ್ತೆ ಹತ್ತು ಚಳಿಗಾಲ ಮೈಮುಚ್ಚುತ್ತವೆ. ನಾನು ಕನ್ನಡ ಶಾಲೆಯಲ್ಲಿ ಮೂವತ್ತು ವರುಷ ಅಕ್ಷರ ಕಲಿಸಿದವಳಾದರೂ ಸೂಜಿ ಹಿಡಿದಾಗ ಬರುವ ನೆಮ್ಮದಿ ನನಗೆ ಬಳಪ ಹಿಡಿದಾಗ ಬಂದದ್ದಿಲ್ಲ. ಉಳಿಸುವದೇ ಧರ್ಮವೆಂದು ನಂಬಿ ನಡೆದ ನನಗೆ, ಉಳಿಸುವದಕ್ಕೂ ಒಂದು ಎಲ್ಲೆಯುಂಟೆಂಬದನ್ನು ಅರವತ್ತೆಂಟನೆಯ ವಯಸ್ಸಿನಲ್ಲಿ, ಪರದೇಶದ ಒಂದು ಕೊಟ್ಟಿಗೆಯಲ್ಲಿ, ಒಂದು ಹಳೆಯ ವಿಮಾನವು ಕಲಿಸಿಕೊಟ್ಟಿತು. ಆ ಸಂಗತಿಯನ್ನೇ ಇಲ್ಲಿ ಬರೆಯುತ್ತೇನೆ.

ನನ್ನ ಒಬ್ಬನೇ ಮಗನು ಹಲವು ವರ್ಷಗಳಿಂದ ಇಂಗ್ಲೆಂಡಿನಲ್ಲಿ ಸಂಸಾರ ಹೂಡಿಕೊಂಡಿದ್ದಾನೆ. ೨೦೨೩ರ ಆರಂಭದಲ್ಲಿ ಒಂದು ದಿನ ಅವನು ಫೋನಿನಲ್ಲಿ, “ಅವ್ವಾ, ಒಂದು ಹಳೇ ಗಾಡಿ ತೊಗೊಂಡೇನಿ. ನೀ ಬಾ, ಇಬ್ರೂ ಕೂಡಿ ರಿಪೇರಿ ಮಾಡೂಣು” ಎಂದನು. ಹಳೆಯ ಮೋಟಾರು ಇದ್ದೀತೆಂದು ತಿಳಿದು ನಾನು ನಕ್ಕು ಸುಮ್ಮನಾದೆನು. ಮಾರ್ಚಿನ ಕೊನೆಗೆ ಆರು ತಿಂಗಳ ಪರವಾನಿಗೆಯ ಮೇಲೆ ಅಲ್ಲಿಗೆ ಹೋದೆನು. ಮೂರನೆಯ ದಿನ ಮಗನು ನನ್ನನ್ನು ಒಬ್ಬ ರೈತನ ಕೊಟ್ಟಿಗೆಗೆ ಕರೆದೊಯ್ದು ತಗಡಿನ ಬಾಗಿಲನ್ನು ಸರಿಸಿದನು. ಒಳಗಿದ್ದ ಗಾಡಿಗೆ ಮೂರು ಗಾಲಿಗಳಿದ್ದವು. ಅದರೊಡನೆ ಎರಡು ರೆಕ್ಕೆಗಳೂ ಇದ್ದವು!

ಸೊಸೆ ನನ್ನ ಮುಖ ನೋಡಿ, “ಅತ್ತೀ, ಹೇಳಿದ್ರ ನೀವು ಬರೂದಿಲ್ಲ ಅಂತ ಹೇಳಲಿಲ್ರಿ” ಎಂದಳು. ನನಗೆ ಮಾತು ಹೊರಡಲಿಲ್ಲ. ಗಂಡನನ್ನು ಕಳೆದುಕೊಂಡವಳು, ಒಬ್ಬನೇ ಮಗನು ಆಕಾಶಕ್ಕೆ ಏರುವೆನೆಂದರೆ ಏನು ಹೇಳಿಯಾಳು? ಮಗನು ಮಾತ್ರ ಹಿಗ್ಗಿನಿಂದ, “ಅವ್ವಾ, ಇದು ಪರದೇಶದ್ದಲ್ಲ. ನಮ್ಮ ಬೆಂಗಳೂರಾಗ ಹುಟ್ಟಿದ್ದು” ಎಂದನು.

ಆ ಮಾತು ನಿಜವೇ ಆಗಿತ್ತು. ಫ್ರಾನ್ಸ್ ದೇಶದ ಜೋಯೆಲ್ ಕೊಚ್ಲಿನ್ ಎಂಬವರು ೧೯೮೦ರಲ್ಲಿ ಬೆಂಗಳೂರಿನಲ್ಲಿ ‘ರಾಜಹಂಸ’ ಎಂಬ ಹೆಸರಿನಿಂದ ಹಗುರ ವಿಮಾನಗಳ ಕಾರ್ಖಾನೆಯನ್ನು ಸ್ಥಾಪಿಸಿದರು. ಅಲ್ಲಿ ತಯಾರಾದ ‘ಎಕ್ಸ್-ಏರ್’ ಎಂಬ ಇಬ್ಬರು ಕೂಡುವ ವಿಮಾನವು ಬಿಡಿಭಾಗಗಳ ರೂಪದಲ್ಲಿ ಪೆಟ್ಟಿಗೆಗಳಲ್ಲಿ ಪರದೇಶಗಳಿಗೆ ಹೋಯಿತು. ಕೊಂಡವನು ಪುಸ್ತಕವನ್ನು ಮುಂದಿಟ್ಟುಕೊಂಡು, ಕೊಳವೆಗೆ ಕೊಳವೆ ಜೋಡಿಸಿ, ತಾನೇ ಅದನ್ನು ಕಟ್ಟಿಕೊಳ್ಳಬೇಕು. ಮಗನು ಕೊಂಡ ವಿಮಾನವನ್ನು ಒಬ್ಬ ಆಂಗ್ಲ ಗೃಹಸ್ಥನು ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಹೀಗೆ ಕಟ್ಟಿದ್ದನಂತೆ. ವಯಸ್ಸಾದ ಮೇಲೆ ಅವನು ಹಾರುವದನ್ನು ಬಿಟ್ಟನು. ವಿಮಾನವು ಬಹುಕಾಲ ಒಂದು ಬದಿ ತೆರೆದ ಚಪ್ಪರದಲ್ಲಿ ಬಿಸಿಲು ಇಬ್ಬನಿಗಳಿಗೆ ಮೈಯೊಡ್ಡಿ ನಿಂತಿತ್ತು.

ವಿಮಾನವೆಂದರೆ ಕಬ್ಬಿಣದ ಹಕ್ಕಿ ಎಂದು ತಿಳಿದಿದ್ದ ನನಗೆ ಇದರ ಮೈ ಕಂಡು ಆಶ್ಚರ್ಯವಾಯಿತು. ಹಂದರಕ್ಕೆ ಬಿದಿರು ಕಟ್ಟಿದಂತೆ ಅಲ್ಯುಮಿನಿಯಮ್ಮಿನ ಕೊಳವೆಗಳು. ಅವುಗಳ ಮೇಲೆ ಗವಸಣಿಗೆಯಂತೆ ಏರಿಸಿ ಹುರಿಯಿಂದ ಬಿಗಿದ ಅರಿವೆ. ಇದರಲ್ಲಿ ನಾಚಿಕೊಳ್ಳುವ ಸಂಗತಿಯೇನೂ ಇಲ್ಲವೆಂದು ಮಗನು ಹೇಳಿದನು. ೧೯೦೩ರಲ್ಲಿ ಅಮೇರಿಕೆಯ ರೈಟ್ ಸೋದರರು ಮೊದಲು ಹಾರಿಸಿದ ವಿಮಾನದ ರೆಕ್ಕೆಗೂ ಹತ್ತಿಯ ಬಟ್ಟೆಯೇ ಇತ್ತು. ಅದನ್ನು ಅವರು ಹೊಲಿಗೆಯಂತ್ರದ ಮೇಲೆ ತಾವೇ ಹೊಲಿದಿದ್ದರು. ೧೯೫೮ರಲ್ಲಿ ಬೆಂಗಳೂರಿನ ಹಿಂದುಸ್ಥಾನ ವಿಮಾನ ಕಾರ್ಖಾನೆಯಿಂದ ಮೊದಲು ಹಾರಿದ ‘ಪುಷ್ಪಕ’ವೂ ಅರಿವೆ ಹೊದ್ದದ್ದೇ, ನಮ್ಮ ದೇಶದ ಎಷ್ಟೋ ತರುಣರು ಅದರ ಮೇಲೆಯೇ ಹಾರುವ ವಿದ್ಯೆಯನ್ನು ಕಲಿತರು. ಅರಿವೆಯ ಮಾತು ಬಂದ ಕೂಡಲೆ ನನ್ನ ಅರ್ಧ ಹೆದರಿಕೆ ಕರಗಿತು. ಇದು ನನಗೆ ತಿಳಿಯದ ಲೋಕವೇನಲ್ಲವೆನಿಸಿತು.

ಆ ಪ್ರಾಂತವೂ ನನಗೆ ಹೊಸದೆನಿಸಲಿಲ್ಲ. ಈಲಿ ಎಂಬ ಪಟ್ಟಣದ ಸುತ್ತಲೂ ಕಣ್ಣು ಹರಿಯುವವರೆಗೆ ಗುಡ್ಡದ ಸುಳಿವಿಲ್ಲದ ಕರಿಯ ನೆಲ. ಅದು ನೀರು ಬಸಿದು ತೆಗೆದ ಜವುಗು ಭೂಮಿ. ನಮ್ಮ ನವಲಗುಂದದ ಎರಿ ಹೊಲದಂತೆ ಬೇಸಿಗೆಯಲ್ಲಿ ಬಾಯಿ ಬಿಡುವದಿಲ್ಲ. ಆದರೂ ದೂರದಿಂದ ನೋಡಿದರೆ ಊರಿನ ಹೊಲದ ಬದುವಿನ ಮೇಲೆಯೇ ನಿಂತಂತೆ ಆಗುತ್ತಿತ್ತು.

ಮೊದಲ ಕೆಲಸ ಅರಿವೆಯ ಪರೀಕ್ಷೆ. ಒಂದು ಸೂಜಿಯನ್ನು ಅರಿವೆಗೆ ಚುಚ್ಚಿ, ಅದಕ್ಕೆ ಸ್ಪ್ರಿಂಗಿನ ತಕ್ಕಡಿಯನ್ನು ಸಿಕ್ಕಿಸಿ, ನೇಮಿಸಿದ ತೂಕವನ್ನು ಮುಳ್ಳು ತೋರುವವರೆಗೆ ಎಳೆಯುತ್ತಾರೆ. ಎಳೆ ಹರಿಯದಿದ್ದರೆ ಅರಿವೆ ಗಟ್ಟಿ. ರೆಕ್ಕೆಯ ಕೆಳಮೈ ಈ ಪರೀಕ್ಷೆಯಲ್ಲಿ ತೇರ್ಗಡೆಯಾಯಿತು. ಮೇಲ್ಮೈಯಲ್ಲಿ ಮುಳ್ಳು ಅರ್ಧ ದಾರಿಗೆ ಬರುವ ಮೊದಲೇ ಸೂಜಿಯು ಬೆಣ್ಣೆಯಲ್ಲಿ ಹಾಯ್ದಂತೆ ಹಾಯ್ದು ಹೋಯಿತು. ಪಾಲಿಯೆಸ್ಟರಿನ ಆ ಬಟ್ಟೆಗೆ ಮಳೆಗಿಂತಲೂ ಬಿಸಿಲೇ ದೊಡ್ಡ ಶತ್ರು. ಸೂರ್ಯಪ್ರಕಾಶದಲ್ಲಿಯ ಕಣ್ಣಿಗೆ ಕಾಣದ ಕಿರಣಗಳು ಎಳೆಯನ್ನು ಒಳಗಿಂದೊಳಗೇ ತಿನ್ನುತ್ತವೆ. ಹೊರಗೆ ಬಣ್ಣ ತುಸು ಮಾಸಿದ್ದೊಂದೇ ಕಾಣುವದು.

“ತೇಪಿ ಹಾಕಿದ್ರ ಆಗೂದಿಲ್ಲೇನೋ ತಮ್ಮಾ? ಹೊಲಿಗಿ ನಾನು ಹಾಕ್ತೀನಿ” ಎಂದೆನು. ಮಗನು ಆ ಮಾತನ್ನು ಲಘುವಿಮಾನಗಳ ಪರೀಕ್ಷಕರಿಗೆ ತಿಳಿಸಿದನು. ಆ ವೃದ್ಧರು ನಗಲಿಲ್ಲ. ಸಣ್ಣ ಹರಕಿಗೆ ತೇಪೆ ಹಾಕಬಹುದು. ಆದರೆ ತೇಪೆಯನ್ನು ಹಿಡಿದು ನಿಲ್ಲಲು ಸುತ್ತಲಿನ ಅರಿವೆ ಗಟ್ಟಿಯಿರಬೇಕಲ್ಲವೆ, ಎಂದು ನನ್ನನ್ನೇ ಕೇಳಿದರು. ನಾನು ತಲೆ ತಗ್ಗಿಸಿದೆನು. ಕೌದಿ ಹೊಲಿಯುವ ಯಾವಳಿಗೆ ಇದು ತಿಳಿಯದು? ಜೀರ್ಣವಾದ ಬಟ್ಟೆಗೆ ಹಾಕಿದ ಹೊಲಿಗೆಯು ಬಟ್ಟೆಯನ್ನು ಕೂಡಿಸುವದಿಲ್ಲ, ಇನ್ನಷ್ಟು ಹರಿಯುತ್ತದೆ. ಹೊಸ ಅರಿವೆ ತರಿಸುವದೆಂದು ನಿಶ್ಚಯವಾಯಿತು.

ಇಂಜಿನಿನ ಕತೆ ಬೇರೆ. ಅದು ಆಸ್ಟ್ರಿಯಾದಲ್ಲಿ ತಯಾರಾದ, ಎರಡು ಸಿಲಿಂಡರುಗಳ, ಸುಮಾರು ೬೫ ಕುದುರೆಬಲದ ರೋಟ್ಯಾಕ್ಸ್ ೫೮೨. ಅದು ಪೆಟ್ರೋಲಿನೊಡನೆ ಐವತ್ತಕ್ಕೆ ಒಂದು ಪಾಲಿನಂತೆ ಎಣ್ಣೆಯನ್ನೂ ಸುಡುತ್ತದೆ. ೩೦೦ ಗಂಟೆ ಓಡಿದ ಮೇಲೆ ಅಥವಾ ೫ ವರ್ಷ ಕಳೆದ ಮೇಲೆ, ಯಾವದು ಮೊದಲೋ ಆಗ, ಅದನ್ನು ಬಿಚ್ಚಿ ಒಳಗನ್ನು ಹೊಸದು ಮಾಡಬೇಕೆಂಬದು ತಯಾರಕರ ಸೂಚನೆ. ಈ ಇಂಜಿನು ಗಂಟೆಗಳ ಲೆಕ್ಕದಲ್ಲಿ ತರುಣ, ವರ್ಷಗಳ ಲೆಕ್ಕದಲ್ಲಿ ಮುದುಕ. ನಿಂತಲ್ಲಿಯೇ ನಿಂತ ಯಂತ್ರದೊಳಗೆ ತೇವ ಕೂತು ಬೇರಿಂಗುಗಳಿಗೆ ತುಕ್ಕು ಹಿಡಿಯುವದುಂಟು. ಆದ್ದರಿಂದ ಅದನ್ನು ಬಲ್ಲವರ ಕಾರ್ಖಾನೆಗೆ ಕಳಿಸಿದೆವು. ರಬ್ಬರಿನ ಪೆಟ್ರೋಲು ನಳಿಗೆಗಳನ್ನೆಲ್ಲ ಕಿತ್ತು ಹೊಸವನ್ನು ಹಾಕಿದೆವು. ೨೦೨೧ರ ಸಪ್ಟಂಬರದಿಂದ ಆ ದೇಶದ ಸಾಮಾನ್ಯ ಪೆಟ್ರೋಲಿನಲ್ಲಿ ನೂರಕ್ಕೆ ಹತ್ತರವರೆಗೆ ಇಥೆನಾಲನ್ನು ಬೆರೆಸುತ್ತಾರೆ. ಹಳೆಯ ತರದ ರಬ್ಬರಿಗೆ ಅದು ಒಗ್ಗುವದಿಲ್ಲ.

ಹೊಸ ರೇಡಿಯೋ, ಹೊಸ ಉಷ್ಣಮಾಪಕ, ಮೆತ್ತಗಿನ ಆಸನ ಎಂದು ಮಗನ ಯಾದಿ ದಿನದಿನಕ್ಕೆ ಬೆಳೆಯಿತು. ಅದಕ್ಕೂ ಒಂದು ಕಡಿವಾಣವಿತ್ತು. ಇಬ್ಬರು ಮನುಷ್ಯರು, ಪೆಟ್ರೋಲು, ವಿಮಾನ ಎಲ್ಲವೂ ಕೂಡಿ ೪೫೦ ಕಿಲೋಗ್ರಾಮು ಮೀರಕೂಡದೆಂದು ಈ ವಿಮಾನಕ್ಕೆ ನಿಯಮವಿದೆ. ಅಲಂಕಾರಕ್ಕೆಂದು ಒಂದು ಕಿಲೋ ಏರಿಸಿದರೆ ಪೆಟ್ರೋಲಿನಲ್ಲಿ ಒಂದು ಕಿಲೋ ಇಳಿಸಬೇಕು. ತಿಂಗಳ ಸಂಬಳದಲ್ಲಿ ಸಂಸಾರ ತೂಗಿಸಿದವರಿಗೆ ಈ ಗಣಿತವನ್ನು ಯಾರೂ ಕಲಿಸಬೇಕಾಗಿಲ್ಲ. ಆಸನದ ಮೆತ್ತೆ ಯಾದಿಯಿಂದ ಹೊರಬಿದ್ದಿತು, ರೇಡಿಯೋ ಉಳಿಯಿತು.

ಇನ್ನು ನಾನು ಹೇಳಬೇಕಾದ ಮುಖ್ಯ ಸಂಗತಿಗೆ ಬರುತ್ತೇನೆ. ಜೂನಿನಲ್ಲಿ ಹಳೆಯ ಅರಿವೆ ಕಳಚಿದಾಗ ವಿಮಾನದ ಎಲುಬುಗಳೆಲ್ಲ ಕಣ್ಣಿಗೆ ಬಿದ್ದವು. ರೆಕ್ಕೆಯಿಂದ ಒಡಲಿಗೆ ಓರೆಯಾಗಿ ಇಳಿದು ಬರುವ ಒಂದು ಆನಿಕೆಗೊಳವೆಯುಂಟು. ನೆಲದ ಮೇಲೆ ಅದು ರೆಕ್ಕೆಯನ್ನು ಎತ್ತಿ ಹಿಡಿಯುತ್ತದೆ. ಬಾನಿನಲ್ಲಿ ರೆಕ್ಕೆಯು ಮೇಲಕ್ಕೆ ಕಿತ್ತು ಹೋಗದಂತೆ ಜಗ್ಗಿ ಹಿಡಿಯುತ್ತದೆ. ಅದರ ಬುಡದಲ್ಲಿ ಬೋಲ್ಟು ಕೂಡುವ ತೂತು ದುಂಡಗಿರದೆ ಕೊಂಚ ಮೊಟ್ಟೆಯಾಕಾರಕ್ಕೆ ಸವೆದಿತ್ತು. ಅಂಚಿನಲ್ಲಿ ಸುಣ್ಣದಂಥ ಬಿಳಿಯ ಪುಡಿಯೂ ಇತ್ತು. ತಪ್ಪು ಮಾಡಿದವರದೂ ಅಲ್ಲ, ಕಟ್ಟಿದವರದೂ ಅಲ್ಲ. ಅದು ಕಾಲದ ಸವೆತ. ಹೊಸದನ್ನು ತರಿಸಬೇಕೆಂದರೆ ಐದು ವಾರ ಬೇಕು. ಅಲ್ಲಿಯ ಬೇಸಿಗೆ ಗಿಡ್ಡ; ಮಗನ ಕೈಯಲ್ಲಿ ಹಣವೂ ಮುಗಿಯುತ್ತ ಬಂದಿತ್ತು. ಅವನು ಆ ತೂತಿನ ಮೇಲೆ ಬೆರಳಾಡಿಸಿ, “ಉಗುರಿನ ಅಂಚಿನಷ್ಟು ಸವದೈತಿ. ಬೋಲ್ಟು ಹಾಕಿದ ಮ್ಯಾಲ ಯಾರಿಗೂ ಕಾಣೂದಿಲ್ಲ. ಇದೊಂದು ಹಂಗಾಮು ನಡದೀತು” ಎಂದನು.

ಆ ಮಾತು ಕೇಳಿ ನನ್ನ ಕೈಕಾಲು ತಣ್ಣಗಾದವು. ಅದು ನನ್ನದೇ ಮಾತಾಗಿತ್ತು.

೧೯೮೪ರ ಸುಗ್ಗಿಯ ದಿನಗಳು. ನನಗೆ ಆಗಿನ್ನೂ ನೌಕರಿ ದೊರೆತಿರಲಿಲ್ಲ. ಮಗನಿಗೆ ಆರು ವರುಷ. ಚಕ್ಕಡಿಯ ಗಾಲಿಯು ಅಚ್ಚಿನಿಂದ ಜಾರದಂತೆ ತಡೆಯುವ ಕಡಾಣಿ ಸವೆದು ಬಾಗಿತ್ತು. ಕಮ್ಮಾರನ ಕಡೆ ಹೋಗಿ ಹೊಸದನ್ನು ಮಾಡಿಸಿ ತರುವೆನೆಂದು ನಮ್ಮ ಮನೆಯವರು ಹತ್ತು ರೂಪಾಯಿ ಕೇಳಿದರು. ಯುಗಾದಿಯ ಅರಿವೆಗೆಂದು ಕೂಡಿಟ್ಟ ಹಣ ಅದು. “ಇದೊಂದು ಸುಗ್ಗಿ ನಡದೀತು ಬಿಡ್ರಿ” ಎಂದು ನಾನೇ ಹೇಳಿದೆನು. ನಾಲ್ಕನೆಯ ದಿನ ಬಿಳಿಜೋಳದ ಚೀಲ ಹೇರಿದ ಚಕ್ಕಡಿಯ ಗಾಲಿ ಹಳ್ಳದ ಇಳಕಲಿನಲ್ಲಿ ಕಳಚಿತು. ಚಕ್ಕಡಿ ಅವರ ಕಾಲಿನ ಮೇಲೆ ಉರುಳಿತು. ಆ ಕಾಲು ಮುಂದೆಂದೂ ನೆಟ್ಟಗಾಗಲಿಲ್ಲ. ತೀರಿಕೊಳ್ಳುವವರೆಗೂ ಅವರು ಕುಂಟುತ್ತಲೇ ಹೊಲಕ್ಕೆ ಹೋದರು. ಕೇಳಿದವರಿಗೆಲ್ಲ “ನನ್ನ ಅವಸರ” ಎಂದು ಹೇಳಿದರೇ ಹೊರತು, ನನ್ನ ಮಾತನ್ನು ಒಮ್ಮೆಯೂ ಎತ್ತಿ ಆಡಲಿಲ್ಲ. ಮಗನೂ ತಂದೆಯದೇ ತಪ್ಪೆಂದು ತಿಳಿದು ಬೆಳೆದನು. ನಾನು ಬಾಯಿ ಬಿಡಲಿಲ್ಲ.

ಮೂವತ್ತೊಂಬತ್ತು ವರ್ಷ ಮುಚ್ಚಿಟ್ಟ ಆ ಸಂಗತಿಯನ್ನು ನಾನು ಆ ದಿನ ಕೊಟ್ಟಿಗೆಯಲ್ಲಿ, ಒಂದು ಮರದ ಪೆಟ್ಟಿಗೆಯ ಮೇಲೆ ಕುಳಿತು, ಮಗನಿಗೆ ಹೇಳಿದೆನು. ಅವನು ಬಹಳ ಹೊತ್ತು ಮಾತಾಡಲಿಲ್ಲ. “ಅಪ್ಪ ಒಮ್ಮೆನೂ ಹೇಳಲಿಲ್ಲ ನೋಡು” ಎಂದಷ್ಟೇ ಅಂದು, ಪಾನಾ ಎತ್ತಿಕೊಂಡು, ಆ ಕೊಳವೆಯನ್ನು ಕಳಚಿ ಬದಿಗಿಟ್ಟನು. ಅದರ ಜೋಡಿಯನ್ನೂ ಕಳಚಿದನು. ಅಂದೇ ಸಂಜೆ ಪರೀಕ್ಷಕರಿಗೆ ಎಲ್ಲವನ್ನೂ ತಿಳಿಸಿದನು. ಅವನು ನನ್ನ ಮೇಲೆ ಸಿಟ್ಟಾದನೋ ಇಲ್ಲವೋ ನಾನರಿಯೆ. ರಾತ್ರಿ ಊಟಕ್ಕೆ ಕುಳಿತಾಗ ನನ್ನ ತಾಟಿಗೆ ತಾನೇ ರೊಟ್ಟಿ ಹಾಕಿದನು.

ಐದು ವಾರಗಳ ತರುವಾಯ ಹೊಸ ಕೊಳವೆಗಳು ಬಂದವು. ಹೊಸ ಅರಿವೆಯನ್ನು ರೆಕ್ಕೆಗೆ ಏರಿಸುವಾಗ ನನ್ನ ಕೈಗೂ ಕೆಲಸ ಸಿಕ್ಕಿತು. ಲಂಗಕ್ಕೆ ಲಾಡಿ ತೂರಿಸಿದಂತೆ ಅರಿವೆಯ ಉದ್ದನ್ನ ಜೇಬುಗಳಲ್ಲಿ ಬಾಗಿದ ಕಡ್ಡಿಗಳನ್ನು ತೂರಿಸಬೇಕು. ರೆಕ್ಕೆಗೆ ಉಬ್ಬು ಬರುವದು ಅವುಗಳಿಂದಲೇ. ಆಮೇಲೆ ಹುರಿಯನ್ನು ಒಂದೇ ಹದದಲ್ಲಿ ಬಿಗಿಯುತ್ತ ಹೋಗಬೇಕು. ಒಂದೆಡೆ ಹೆಚ್ಚು ಜಗ್ಗಿದರೆ ಇನ್ನೊಂದೆಡೆ ನೆರಿಗೆ ಬೀಳುವದು. ಕೌದಿಯ ಕೈಗೆ ಅದು ಕಷ್ಟವಾಗಲಿಲ್ಲ. ನಾನು ಹಾಕಿದ ಗಂಟುಗಳನ್ನು ಪರೀಕ್ಷಕರು ಒಂದೊಂದಾಗಿ ನೋಡಿ, ಎರಡನ್ನು ಬಿಚ್ಚಿ ಮತ್ತೆ ಹಾಕಿಸಿದರು. ಅವರ ಮೇಲೆ ನನಗೆ ಗೌರವ ಹೆಚ್ಚಿತು.

ಆಗಸ್ಟಿನ ಕೊನೆಗೆ, ಗಾಳಿಯಿಲ್ಲದ ಒಂದು ಮುಂಜಾವು, ಅಧಿಕಾರ ಪಡೆದ ಪರೀಕ್ಷಾ ಚಾಲಕರೊಬ್ಬರು ಮೊದಲು ಅದನ್ನು ಹಾರಿಸಿ ನೋಡಿದರು. ಅವರು ಬರೆದುಕೊಟ್ಟ ಮೇಲೆ, ಹಾರಲು ಪರವಾನಿಗೆಯ ಕಾಗದ ಬಂದ ಮೇಲೆ, ಸಪ್ಟಂಬರದ ಎರಡನೆಯ ವಾರದಲ್ಲಿ ಮಗನು ಏರಿದನು. ಹುಲ್ಲಿನ ಮೇಲೆ ಓಡಿ ಗಾಲಿಗಳು ನೆಲ ಬಿಟ್ಟಾಗ ನಾನು ಕಣ್ಣು ಮುಚ್ಚಿಕೊಂಡೆನು; ಹೆದರಿಕೆ ಹೋಗಿತ್ತೆಂದು ಸುಳ್ಳು ಹೇಳಲಾರೆನು. ಆದರೆ ಆ ಹೆದರಿಕೆಯಲ್ಲಿ ಸಂಶಯವಿರಲಿಲ್ಲ. ಇಪ್ಪತ್ತು ನಿಮಿಷ ನಾನು ಮನಸ್ಸಿನಲ್ಲಿಯೇ ಪ್ರತಿಯೊಂದು ಬೋಲ್ಟನ್ನು ಮುಟ್ಟಿ ನೋಡುತ್ತ ನಿಂತೆನು. ಒಂದೂ ನನಗೆ ಅಪರಿಚಿತವಾಗಿರಲಿಲ್ಲ. ಅವನು ಇಳಿದು ಬಂದು, “ಬರ್ತೀಯೇನವ್ವಾ?” ಎಂದು ಕೇಳಿದನು. “ಮುಂದಿನ ಸಲ” ಎಂದೆನು.

ಊರಿಗೆ ಮರಳುವಾಗ ರೆಕ್ಕೆಯ ಕೆಳಮೈಯ ಗಟ್ಟಿ ಅರಿವೆಯಲ್ಲಿ ಒಂದು ತುಂಡನ್ನು ತಂದೆನು. ಅದರಿಂದ ಹೊಲಿದ ಚೀಲದಲ್ಲಿಯೇ ಈಗ ನವಲಗುಂದದ ಸಂತೆಯಿಂದ ಕಾಯಿಪಲ್ಲೆ ತರುತ್ತೇನೆ. ಮೇಲ್ಮೈಯ ಅರಿವೆಯನ್ನು ಅಲ್ಲಿಯೇ ಬಿಸುಟು ಬಂದೆನು. ಸೋದರಿಯರೇ, ಹಳೆಯದನ್ನು ಅವಶ್ಯ ಉಳಿಸಿರಿ. ನಾನೂ ಕೌದಿ ಹೊಲಿಯುವದನ್ನು ಬಿಟ್ಟಿಲ್ಲ. ಆದರೆ ಮನೆಯವರ ಜೀವ ಯಾವದರ ಮೇಲೆ ನಿಂತಿದೆಯೋ, ಗಾಡಿಯ ಕಡಾಣಿಯಿರಲಿ, ಬಾವಿಯ ಹಗ್ಗವಿರಲಿ, ಒಲೆಗೆ ಬರುವ ಗ್ಯಾಸಿನ ನಳಿಗೆಯಿರಲಿ, ಅದನ್ನು ಕುರಿತು “ಇದೊಂದು ಸಲ ನಡದೀತು” ಎಂಬ ಮಾತು ಬಾಯಿಗೆ ಬಂದರೆ, ಅದನ್ನು ಆಡುವ ಮೊದಲು ತುಸು ತಡೆಯಿರಿ.