ಹಾಡಿಗೆ ಹಾಡೇ ಮದ್ದು

ಬೈಗುಳಕ್ಕೂ ಒಂದು ಚರಿತ್ರೆಯುಂಟು. ಅಮೆರಿಕದ ರ‍್ಯಾಪ್ ಹಾಡುಗಳನ್ನು ಕೇಳಿ ಕಿವಿ ಮುಚ್ಚಿಕೊಳ್ಳುವ ಸಭ್ಯರು ಆ ಚರಿತ್ರೆಯನ್ನೊಮ್ಮೆ ನೋಡುವುದು ಒಳ್ಳೆಯದು.

ರಾಗಕ್ಕಿಂತ ಮಾತನ್ನೇ ನೆಚ್ಚಿ, ತಾಳದ ಮೇಲೆ ಪ್ರಾಸವನ್ನು ಕುಣಿಸುವ ಈ ಗಾಯನ 1970ರ ದಶಕದಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಪ್ರದೇಶದಲ್ಲಿ ಹುಟ್ಟಿತು. ಕೆಲಸವಿಲ್ಲದ ತರುಣರು, ಪಾಳುಬಿದ್ದ ಕಟ್ಟಡಗಳು—ಇವುಗಳ ನಡುವೆ ಬೆಳೆದ ಹಾಡು ಹೂಬಳ್ಳಿಗಳನ್ನು ವರ್ಣಿಸಲಿಲ್ಲವೆಂದರೆ ಆಶ್ಚರ್ಯವೇನು?

1988ರಲ್ಲಿ ಲಾಸ್ ಏಂಜಲೀಸ್ ಸಮೀಪದ ಕಾಂಪ್ಟನ್ನಿನ ಎನ್.ಡಬ್ಲ್ಯೂ.ಎ. ತಂಡ ಪೊಲೀಸರನ್ನು ಬಾಯಿಗೆ ಬಂದಂತೆ ಬೈದು ಹಾಡಿತು. ಮರುವರ್ಷ ಎಫ್.ಬಿ.ಐ. ಅಧಿಕಾರಿಯೊಬ್ಬರು ಧ್ವನಿಮುದ್ರಿಕೆಯ ಕಂಪನಿಗೆ ಆಕ್ಷೇಪಣೆಯ ಪತ್ರ ಬರೆದರು. ಹಾಡು ಅಡಗಲಿಲ್ಲ, ಅದರ ಕೀರ್ತಿಯೇ ಹೆಚ್ಚಿತು. 1991ರಲ್ಲಿ ಅದೇ ಲಾಸ್ ಏಂಜಲೀಸಿನ ಪೊಲೀಸರು ರಾಡ್ನಿ ಕಿಂಗ್ ಎಂಬ ಕಪ್ಪು ವರ್ಣೀಯನನ್ನು ಥಳಿಸಿದ ದೃಶ್ಯವನ್ನು ಜಗತ್ತೇ ಟೆಲಿವಿಷನ್ನಿನಲ್ಲಿ ಕಂಡಿತು. 1992ರಲ್ಲಿ ತೀರ್ಪು ಪೊಲೀಸರ ಪರವಾಗಿ ಬಂದಾಗ ನಗರ ಹೊತ್ತಿ ಉರಿಯಿತು; 50ಕ್ಕಿಂತ ಹೆಚ್ಚು ಜನ ಸತ್ತರು. ಕಿಚ್ಚಿಟ್ಟದ್ದು ಹಾಡೋ, ತೀರ್ಪೋ? ಬೈಗುಳದ ಹಿಂದೆ ಬೇಗುದಿಯಿತ್ತೆಂಬುದನ್ನು ಅಲ್ಲಗಳೆಯುವಂತಿಲ್ಲ.

ಆದರೆ ಬೈಗುಳವೆಲ್ಲ ಬೇಗುದಿಯಲ್ಲ. ಫ್ಲಾರಿಡಾದ ‘ಟು ಲೈವ್ ಕ್ರೂ’ ತಂಡದ ಧ್ವನಿಮುದ್ರಿಕೆಯೊಂದನ್ನು 1990ರಲ್ಲಿ ಫೆಡರಲ್ ನ್ಯಾಯಾಧೀಶರು ಅಶ್ಲೀಲವೆಂದರು. ಅದನ್ನು ಮಾರಿದ ಅಂಗಡಿಕಾರನ ಬಂಧನವೂ ಆಯಿತು. 1992ರಲ್ಲಿ ಮೇಲಿನ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿತು. ಕಾನೂನಿನ ಮಾತು ಅಲ್ಲಿಗೆ ಮುಗಿಯಿತು. ಹೆಣ್ಣನ್ನು ಹೀನ ಹೆಸರಿನಿಂದ ಕರೆಯುವ ಹಾಡು ಬೀದಿಬೀದಿಯಲ್ಲಿ ಮೊಳಗುವಾಗ ಅದನ್ನು ಕೇಳಬೇಕಾದ ಹೆಣ್ಣುಮಕ್ಕಳ ಮಾತೇನು? ಅಪರಾಧವಲ್ಲವೆಂದ ಮಾತ್ರಕ್ಕೆ ಅವಮಾನ ಅಳಿಯುವುದೆ?

ಹಾಡೊಂದನ್ನು ಕೇಳಿದ ಹುಡುಗ ಒಡನೆಯೇ ಕೈಯಲ್ಲಿ ಆಯುಧ ಹಿಡಿಯುವನೆಂಬುದು ಭಯದ ಉತ್ಪ್ರೇಕ್ಷೆ. ಸಾವಿರ ಸಲ ಕೇಳಿದ ಮಾತು ಅವನ ನಾಲಿಗೆಗೆ ಸಲೀಸಾಗದೆಂಬುದು ಆತ್ಮವಂಚನೆ. ಹೊಸ್ತಿಲು ತುಳಿತುಳಿದು ಸವೆಯುವಂತೆ ನಾಚಿಕೆಯೂ ಸವೆಯುತ್ತದೆ. ಯಾವ ದಿನ ಸವೆಯಿತೆಂದು ಯಾರೂ ಹೇಳಲಾರರು.

ಸಮಾಧಾನದ ಸಂಗತಿಯೆಂದರೆ, ಈ ಅವಮಾನಕ್ಕೆ ಉತ್ತರ ರ‍್ಯಾಪಿನ ಒಳಗಿನಿಂದಲೇ ಬಂದಿತು. ಕ್ವೀನ್ ಲತೀಫಾ ಎಂಬ ಗಾಯಕಿ 1993ರ ತಮ್ಮ ‘ಯು.ಎನ್.ಐ.ಟಿ.ವೈ.’ ಹಾಡಿನಲ್ಲಿ, ಬೀದಿಯಲ್ಲಿ ಹೆಣ್ಣನ್ನು ಹೀಯಾಳಿಸುವವರನ್ನೂ ಮನೆಯೊಳಗೆ ಹೊಡೆಯುವವರನ್ನೂ ಎದುರಿಗೆ ನಿಲ್ಲಿಸಿ ಪ್ರಶ್ನಿಸಿದರು. 1995ರಲ್ಲಿ ಅದಕ್ಕೆ ಗ್ರ್ಯಾಮಿ ಪ್ರಶಸ್ತಿ ಸಂದಿತು. ಅದೇ ತಾಳ, ಅದೇ ಬಿರುಸು. ಆದರೆ ಮಾನ ಕಳೆಯುವುದಕ್ಕಲ್ಲ, ಕಾಯುವುದಕ್ಕೆ. ನ್ಯಾಯಾಧೀಶರ ಕೈಯಲ್ಲಾಗದ ಕೆಲಸಕ್ಕೆ ಒಬ್ಬ ಹೆಣ್ಣಿನ ಕಂಠ ಮುಂದಾಯಿತು.

ಇಂದು ಕನ್ನಡದಲ್ಲಿಯೂ ರ‍್ಯಾಪ್ ಉಂಟು; ನಮ್ಮ ಮಕ್ಕಳ ಕಿವಿಗೆ ಅಮೆರಿಕವೂ ದೂರವಲ್ಲ. ಅಲ್ಲಿನ ತಾಯಂದಿರ ಒತ್ತಾಯಕ್ಕೆ ಮಣಿದು ಕಂಪನಿಗಳು ಕೆಟ್ಟ ಮಾತುಳ್ಳ ಧ್ವನಿಮುದ್ರಿಕೆಗಳ ಮೇಲೆ ಎಚ್ಚರಿಕೆಯ ಚೀಟಿ ಹಚ್ಚಲು 1985ರಲ್ಲಿಯೇ ಒಪ್ಪಿದ್ದವು. ಚೀಟಿ ‘ಎಚ್ಚರ’ ಎನ್ನಬಲ್ಲದು. ‘ಏಕೆ’ ಎಂಬುದನ್ನು ಮಾತ್ರ ಮಕ್ಕಳ ಪಕ್ಕದಲ್ಲಿ ಕುಳಿತು, ಆ ಹಾಡನ್ನು ತಾವೂ ಕೇಳಿ, ತಂದೆತಾಯಿಗಳೇ ಹೇಳಬೇಕು.