ಸಾರು ಬಡಿಸುವ ಹೊತ್ತು

ಬೆಂಗಳೂರಿನ ಹೋಟೆಲುಗಳನ್ನು ಗೆಳೆಯರೊಟ್ಟಿಗೆ ಕೂತು ಹೋಲಿಸುವುದಿದ್ದರೆ ಮಸಾಲೆದೋಸೆ ಬದಿಗಿಟ್ಟು ಊಟವನ್ನೇ ಹಿಡಿಯಬೇಕು. ಅದೂ ಒಂದೇ ಬೆಲೆಯ ಫುಲ್ ಮೀಲ್ಸ್. ಪಟ್ಟಿ ನೋಡಿ ಬೇಕಾದ್ದನ್ನು ತರಿಸಿಕೊಂಡರೆ ಆ ಹೋಟೆಲಿನ ಹೆಸರುವಾಸಿ ತಿನಿಸಷ್ಟೇ ಎದುರಿಗೆ ಬರುತ್ತದೆ. ಊಟದಲ್ಲಾದರೆ ಆಯ್ಕೆ ಅಡುಗೆಭಟ್ಟರದು. ಕೋಸಂಬರಿ, ಪಲ್ಯ, ಹುಳಿ, ಸಿಹಿ, ಮೊಸರು ಎಲ್ಲವೂ ಅದೇ ದುಡ್ಡಿನೊಳಗೆ ಮುಗಿಯಬೇಕು. ಯಾವುದಕ್ಕೆ ಕೈಬಿಚ್ಚಿದ್ದಾರೆ, ಎಲ್ಲಿ ಕೈ ಹಿಡಿದಿದ್ದಾರೆ ಎಂಬುದು ಎಲೆಯ ಮೇಲೆಯೇ ಕಾಣುತ್ತದೆ. ಅದನ್ನು ಓದುತ್ತಾ ಉಣ್ಣುವುದು ನನಗೆ ಬಹಳ ಪ್ರಿಯ.

ಒಂದೊಂದು ಊಟ ಒಂದೊಂದು ಥರ ಇರುವಾಗ ಹೋಲಿಕೆ ಹೇಗೆ ಎನ್ನಬಹುದು. ನಿಜ, ಲಾಲ್‌ಬಾಗ್ ರಸ್ತೆಯ ಎಂಟಿಆರ್ ಊಟ ದ್ರಾಕ್ಷಿ ರಸದಿಂದ ಶುರುವಾಗಿ ಬಿಸಿಬೇಳೆಬಾತನ್ನು ಹಾದು ಹೋಗುತ್ತದೆ. ರೆಸಿಡೆನ್ಸಿ ರಸ್ತೆಯ ನಾಗಾರ್ಜುನದಲ್ಲಿ ಬಾಳೆಲೆಗೆ ಪಪ್ಪು, ಪುಡಿ, ತುಪ್ಪ ಬೀಳುತ್ತವೆ. ಜೋಳದ ರೊಟ್ಟಿ ಊಟವೆಂದರೆ ಎಣ್ಣೆಗಾಯಿ, ಶೇಂಗಾ ಚಟ್ನಿ. ಆದರೆ ಎಲ್ಲಿ ಹೋದರೂ ಅನ್ನ, ಸಾರು ಬಂದೇ ಬರುತ್ತವೆ. ಸಾರಿಗೆ ಮರೆಮಾಚಲು ಜಾಗವಿಲ್ಲ. ಬಿಸಿ ಅನ್ನದ ಗುಳಿಗೆ ಸುರಿದಾಗ ತಿಳಿ ಸುತ್ತ ಹರಿದು, ಬೇಳೆ ನಡುವೆ ನಿಲ್ಲಬೇಕು. ಮೊದಲ ತುತ್ತಿಗೆ ಹುಣಸೆಯ ಹಸಿವಾಸನೆ ಬಂದರೆ ಕುದಿ ಸಾಲದು. ಮಧ್ಯಾಹ್ನ ಹನ್ನೆರಡೂವರೆಗೆ ಹದವಾಗಿದ್ದ ಸಾರು ಮೂರು ಗಂಟೆಯ ಹೊತ್ತಿಗೆ ಒಲೆಯ ಮೇಲೆ ಬತ್ತಿ ಉಪ್ಪಾಗಿರುತ್ತದೆ. ಹೋಲಿಸುವವರು ಎಲ್ಲ ಕಡೆಗೂ ಒಂದೇ ಹೊತ್ತಿಗೆ ಹೋಗಬೇಕು, ಇಲ್ಲವಾದರೆ ಅಡುಗೆಗೆ ಅನ್ಯಾಯವಾಗುತ್ತದೆ.

ಬೆಲೆ ಕಟ್ಟಿಹಾಕಿದರೆ ರುಚಿ ಇಳಿಯದೇ ಎಂಬ ಆಕ್ಷೇಪ ಇನ್ನೂ ತೂಕದ್ದು. ಬೆಲೆ ಕಟ್ಟುವವರು ಯಾರು ಎಂಬುದನ್ನು ನೋಡಬೇಕು. ತುರ್ತು ಪರಿಸ್ಥಿತಿಯಲ್ಲಿ ಸರ್ಕಾರ ಹೋಟೆಲ್ ತಿಂಡಿಗೆ ಕಡಿಮೆ ದರ ನಿಗದಿ ಮಾಡಿದಾಗ, 1924ರಿಂದ ನಡೆದುಬಂದಿದ್ದ ಎಂಟಿಆರ್ ಗುಣ ಇಳಿಸಲೊಪ್ಪದೆ ಕೆಲವು ವರ್ಷ ಹೋಟೆಲ್ ಮುಚ್ಚಿ, ರೆಡಿ ಮಿಕ್ಸ್ ವ್ಯಾಪಾರಕ್ಕೆ ತಿರುಗಿತು. ಹೊರಗಿನಿಂದ ಹೇರಿದ ದರ ಅಡುಗೆಮನೆಯನ್ನೇ ಮುಚ್ಚಿಸಬಲ್ಲದು. ತಾವೇ ಲೆಕ್ಕ ಹಾಕಿ ಇಟ್ಟ ದರ ಕೈಚಳಕವನ್ನು ಹೊರಗೆ ತರುತ್ತದೆ. 2017ರಲ್ಲಿ ಶುರುವಾದ ಇಂದಿರಾ ಕ್ಯಾಂಟೀನಿನ ಹತ್ತು ರೂಪಾಯಿ ಊಟ ಸರ್ಕಾರದ ಸಹಾಯಧನದ್ದು. ಹಸಿದವರಿಗೆ ಅನ್ನ ಹಾಕುವ ಆ ಕೆಲಸ ದೊಡ್ಡದು, ಅದನ್ನು ಈ ತಕ್ಕಡಿಗೆ ಹಾಕಬಾರದು.

ಇನ್ನು ನಾಲಿಗೆಯ ಮಾತು. ಉಡುಪಿ ಕಡೆಯವರಿಗೆ ಸಾರಿನಲ್ಲಿ ಬೆಲ್ಲ ಇರಬೇಕು, ಧಾರವಾಡದವರಿಗೆ ಖಾರ ಸಾಲದು. ಗೆಳೆಯರು ಬೇಕಾಗುವುದು ಇದಕ್ಕೇ. ಒಬ್ಬರೇ ಉಂಡರೆ ತಮ್ಮ ಮನೆಯ ಸಾರನ್ನೇ ಎಲ್ಲೆಲ್ಲೂ ಹುಡುಕುತ್ತಾರೆ. ಬೇರೆ ಬೇರೆ ಕಡೆಯವರು ಒಂದೇ ಮೇಜಿಗೆ ಕೂತು ಬೆಲ್ಲದ ವಿಚಾರಕ್ಕೆ ಜಗಳವಾಡಿ, ಸೀದ ಒಗ್ಗರಣೆಯ ವಿಚಾರಕ್ಕೆ ಒಂದಾದರೆ, ತಪ್ಪು ಅಡುಗೆಯದೇ. ಬೇಕಾದಷ್ಟು ಬಡಿಸಿಕೊಂಡು ಎಲೆಯಲ್ಲಿ ಬಿಡುವವರ ಬಗ್ಗೆ ದೂರಿದ್ದರೆ ಅದು ನ್ಯಾಯವಾದದ್ದೇ. ಮೊದಲ ಸುತ್ತಿಗೆ ಎಲ್ಲದಕ್ಕೂ ‘ಸ್ವಲ್ಪ ಹಾಕಿ’ ಎಂದು, ಹಿಡಿಸಿದ್ದನ್ನು ಮತ್ತೆ ಕೇಳಿ ಹಾಕಿಸಿಕೊಂಡರಾಯಿತು.